ಬೆನ್ನಿನ ಆಪರೇಷನ್ ಆದ ಮೇಲೂ ನೋವು: ಮತ್ತೆ ಆಪರೇಷನ್ನೋ, ಮಷಿನ್ನೋ?

ಪ್ರಶ್ನೆ: ನಮ್ಮ ಮನೆಯವರಿಗೆ 47 ವರ್ಷ, ಗಂಗಾವತಿಯ ರೈಸ್ ಮಿಲ್ಲಿನಾಗ ಹಮಾಲಿ. ಎರಡು ವರ್ಷದ ಹಿಂದ ನಡದ ಆಪರೇಷನ್ ಆತು, ನಾಲ್ಕು ಸ್ಕ್ರೂ ಹಾಕ್ಯಾರ. ಬಲಗಾಲಿನ ಸೆಳೆತ ಪೂರ್ತಿ ಹೋಗಿತ್ತು. ಮೂರು ತಿಂಗಳಿಗೇ ಮತ್ತ ಚೀಲ ಹೊರಾಕ ಹೋದ್ರು. ಏಳೆಂಟು ತಿಂಗಳಾದ ಮ್ಯಾಲೆ ನಡ ನೋವು ಶುರುವಾತು. ಈಗ ಒಂದು ಫರ್ಲಾಂಗ್ ನಡೆದ್ರ ಕಾಲು ಜೋಮು ಹಿಡೀತೈತಿ, ರಾತ್ರಿ ಎರಡೂ ಪಾದ ಉರೀತಾವ. ಶುಗರ್ ಆರು ವರ್ಷದಿಂದ ಐತಿ. ವಾರಕ್ಕೊಂದು ಸೂಜಿ ಮಾಡಿಸ್ಕೊಂಡು ದಿನ ನೂಕತಾರ. ಹೊಸ ಎಂಆರ್‌ಐನಾಗ ಆಪರೇಷನ್ ಜಾಗದಾಗ ಕಲೆ ಕಟ್ಟೈತಿ, ಮ್ಯಾಲಿನ ಡಿಸ್ಕ್ ಸವದೈತಿ ಅಂತ ಬಂದೈತಿ. ಒಬ್ಬ ಡಾಕ್ಟರು ಮತ್ತ ಆಪರೇಷನ್ ಅಂತಾರ, ಇನ್ನೊಬ್ಬರು ಲಕ್ಷಗಟ್ಟಲೆ ಬೆಲೆಯ ಕರೆಂಟ್ ಮಷಿನ್ ಕೂರಿಸಬೇಕು ಅಂತಾರ. ಏನು ಮಾಡೋದು?

ಉತ್ತರ: ಆ ಎರಡರಲ್ಲಿ ಒಂದನ್ನು ಆರಿಸುವ ಹಂತಕ್ಕೆ ನೀವಿನ್ನೂ ಬಂದಿಲ್ಲ, ತಾಯಿ. ನೀವು ಬರೆದಿರುವುದರಲ್ಲೇ ಕನಿಷ್ಠ ಮೂರು ಬೇರೆ ಬೇರೆ ನೋವುಗಳಿವೆ: ನಡದ ನೋವು, ನಡೆದಾಗ ಹಿಡಿಯುವ ಜೋಮು, ರಾತ್ರಿ ಎರಡೂ ಪಾದಗಳ ಉರಿ. ಮೂರಕ್ಕೂ ಮೂಲ ಒಂದೇ ಇರಬೇಕೆಂದಿಲ್ಲ. ಯಾವುದು ಎಲ್ಲಿಂದ ಬರುತ್ತಿದೆ ಎಂದು ಬಿಡಿಸಿ ನೋಡದೆ ಸ್ಕ್ರೂ ಬಿಚ್ಚಿದರೂ ಅಷ್ಟೆ, ಮಷಿನ್ ಕೂರಿಸಿದರೂ ಅಷ್ಟೆ.

ಬೆನ್ನುಮೂಳೆಯ ಆಪರೇಷನ್ ಆದವರಲ್ಲಿ ನೂರಕ್ಕೆ 10ರಿಂದ 40 ಮಂದಿಗೆ ಸ್ವಲ್ಪವೋ ಹೆಚ್ಚೋ ನೋವು ಉಳಿಯುತ್ತದೆ, ಇಲ್ಲವೇ ಮರಳಿ ಬರುತ್ತದೆ. ಮೊದಲು ಇದನ್ನು ‘ವಿಫಲ ಬೆನ್ನಿನ ಶಸ್ತ್ರಚಿಕಿತ್ಸೆ’ ಎನ್ನುತ್ತಿದ್ದರು. ಯಾರದೋ ಕೈ ತಪ್ಪಿತು ಎಂಬ ಅರ್ಥ ಬರುವ ಆ ಹೆಸರಿನ ಬದಲು ‘ಬೆನ್ನುಮೂಳೆ ಭಾಗದ ಉಳಿದ ನೋವು, ಎರಡನೇ ಬಗೆ’ ಎಂಬರ್ಥದ ಹೆಸರನ್ನು 2021ರಲ್ಲಿ ತಜ್ಞರು ಮುಂದಿಟ್ಟರು. ಹೆಸರು ಯಾವುದಾದರೂ ಅದೊಂದು ಕಾಯಿಲೆಯಲ್ಲ, ಹತ್ತಾರು ಕಾರಣಗಳಿಗೆ ಹಾಕಿದ ಒಂದು ತಲೆಬರಹ.

ಮೊದಲು ಅವಸರದ ಮಾತು. ಮೂತ್ರ ಕಟ್ಟುವುದು ಅಥವಾ ತಿಳಿಯದೆ ಹೋಗುವುದು, ಮಲದ ಹಿಡಿತ ತಪ್ಪುವುದು, ತೊಡೆಸಂದು ಮತ್ತು ಗುದದ ಸುತ್ತ ಮುಟ್ಟಿದರೆ ಗೊತ್ತಾಗದಿರುವುದು, ಪಾದ ಮೇಲೆತ್ತಲಾಗದೆ ಚಪ್ಪಲಿ ಜಾರುವುದು: ಇವುಗಳಲ್ಲಿ ಒಂದು ಹೊಸದಾಗಿ ಕಂಡರೂ ಅದೇ ದಿನ ನರಶಸ್ತ್ರತಜ್ಞರಿರುವ ಆಸ್ಪತ್ರೆಗೆ ಹೋಗಬೇಕು, ಬೆಳಗಾಗಲಿ ಎಂದು ಕಾಯಬಾರದು. ಜ್ವರ, ಹೊಲಿಗೆ ಜಾಗದಲ್ಲಿ ಕೀವು, ಮಲಗಿದರೂ ಬಿಡದ ರಾತ್ರಿ ನೋವು, ತೂಕ ಇಳಿಯುವುದು, ಇವಿದ್ದರೆ ಸೋಂಕನ್ನು ಮೊದಲು ತಳ್ಳಿಹಾಕಬೇಕು. ನಮ್ಮ ಕಡೆ ಬೆನ್ನುಮೂಳೆಯ ಟಿಬಿ ಅಪರೂಪವಲ್ಲ. ಮನೆಯಲ್ಲಿ ಕುರಿ, ಮೇಕೆ ಇದ್ದು ಕಾಯಿಸದ ಹಾಲು ಕುಡಿಯುವ ಅಭ್ಯಾಸವಿದ್ದರೆ ಬ್ರೂಸೆಲ್ಲಾ ರಕ್ತಪರೀಕ್ಷೆಯನ್ನೂ ಕೇಳಿ ಮಾಡಿಸಿ. ಸಾಮಾನ್ಯ ಪರೀಕ್ಷೆಗಳಲ್ಲಿ ಅದು ಸಿಕ್ಕಿಬೀಳುವುದಿಲ್ಲ.

ಇನ್ನು ನೋವು ಯಾವಾಗ ಶುರುವಾಯಿತು ಎಂಬುದು. ಎಂಆರ್‌ಐಗಿಂತ ಇದು ಹೆಚ್ಚು ಹೇಳುತ್ತದೆ. ಆಪರೇಷನ್ ಆದರೂ ಒಂದು ದಿನವೂ ನೋವು ಬಿಡಲಿಲ್ಲ ಎಂದರೆ ನರದ ಮೇಲಿನ ಒತ್ತಡ ಪೂರ್ತಿ ಹೋಗಿಲ್ಲ, ಸ್ಕ್ರೂ ನರಕ್ಕೆ ತಾಗಿದೆ, ಅಥವಾ ನೋವಿನ ಮೂಲ ಮೊದಲಿಂದಲೂ ಬೇರೆಡೆ ಇತ್ತು (ಸೊಂಟದ ಕೀಲು ಸವೆದವರಿಗೂ ಬೆನ್ನಿನ ಆಪರೇಷನ್ ಆಗಿಬಿಡುವುದುಂಟು). ಆರಾಮಾಗಿ ಕೆಲವೇ ವಾರಗಳಲ್ಲಿ ಹೆಚ್ಚಿದರೆ ಸೋಂಕು ಅಥವಾ ಡಿಸ್ಕ್ ಮತ್ತೆ ಜಾರಿರುವುದು. ನಿಮ್ಮ ಯಜಮಾನರಿಗೆ ಕಾಲಿನ ಸೆಳೆತ ಪೂರ್ತಿ ಹೋಗಿ, ಏಳೆಂಟು ತಿಂಗಳ ಮೇಲೆ ನಡ ನೋವು ಬಂದಿದೆ. ಅಂದರೆ ಮೊದಲ ಆಪರೇಷನ್ ತನ್ನ ಕೆಲಸ ಮಾಡಿದೆ. ಈಗ ಅನುಮಾನಿಸಬೇಕಾದದ್ದು ನಾಲ್ಕು: ಸ್ಕ್ರೂ ಹಾಕಿದ ಎರಡು ಮೂಳೆಗಳು ಬೆಸೆಯದೇ ಇರುವುದು, ಸ್ಕ್ರೂ ಸಡಿಲವಾಗಿರುವುದು, ಮೇಲಿನ ಹಂತದ ಡಿಸ್ಕ್ ಮತ್ತು ಕೀಲಿಗೆ ಭಾರ ಹೆಚ್ಚಾಗಿ ಅಲ್ಲಿ ನರದ ದಾರಿ ಕಿರಿದಾಗಿರುವುದು, ಕೆಳಗೆ ಸೊಂಟದ ಹಿಂದಿನ ಸ್ಯಾಕ್ರೊಇಲಿಯಾಕ್ ಕೀಲು ಕೆರಳಿರುವುದು.

ಮೊದಲ ಅನುಮಾನಕ್ಕೆ ನಿಮ್ಮ ಪತ್ರದಲ್ಲೇ ಗಟ್ಟಿ ಕಾರಣವಿದೆ. ಸ್ಕ್ರೂ ಮತ್ತು ರಾಡ್ ಮೂಳೆಯನ್ನು ಬೆಸೆಯುವುದಿಲ್ಲ. ಮೂಳೆ ತಾನಾಗಿ ಬೆಸೆದುಕೊಳ್ಳುವವರೆಗೆ ಅಲುಗದಂತೆ ಹಿಡಿದಿರುತ್ತವೆ, ಅಷ್ಟೆ. ಬೆಸೆಯಲು 6ರಿಂದ 12 ತಿಂಗಳು ಬೇಕು. ಮೂರನೇ ತಿಂಗಳಿಗೆ 75 ಕಿಲೋ ನೆಲ್ಲಿನ ಚೀಲ ಹೊತ್ತರೆ ಸೆಂಟ್ರಿಂಗ್ ಬಿಚ್ಚುವ ಮೊದಲೇ ಮೋಲ್ಡಿನ ಮೇಲೆ ಲಾರಿ ನಿಲ್ಲಿಸಿದಂತೆ. ಜೊತೆಗೆ ಶುಗರ್. ಬೀಡಿ, ಗುಟ್ಕಾ, ಎಲೆ-ಅಡಿಕೆ ಜೊತೆ ತಂಬಾಕು, ಇವುಗಳಲ್ಲಿ ಯಾವುದಿದ್ದರೂ ಅದರ ನಿಕೋಟಿನ್ ಮೂಳೆ ಬೆಸೆಯದಂತೆ ತಡೆಯುತ್ತದೆ. ಬೀಡಿ ಬಿಟ್ಟು ಗುಟ್ಕಾ ಹಿಡಿದರೆ ಏನೂ ಲಾಭವಿಲ್ಲ.

ನಡೆದಾಗ ಬರುವ ಜೋಮನ್ನು ಮನೆಯಲ್ಲೇ ಪರೀಕ್ಷಿಸಬಹುದು. ಜೋಮು ಹಿಡಿದಾಗ ಸುಮ್ಮನೆ ನಿಂತರೆ ಹೋಗುತ್ತದೆಯೋ, ಕುಳಿತರೆ ಅಥವಾ ಮುಂದಕ್ಕೆ ಬಾಗಿದರೆ ಮಾತ್ರ ಹೋಗುತ್ತದೆಯೋ ನೋಡಿ. ಬಾಗಿದರೆ ಆರಾಮ, ಸೈಕಲ್ ತುಳಿದರೆ ತೊಂದರೆಯಿಲ್ಲ ಎಂದಾದರೆ ಬೆನ್ನಿನಲ್ಲಿ ನರದ ದಾರಿ ಕಿರಿದಾಗಿದೆ. ನಿಂತಲ್ಲೇ ಎರಡು ನಿಮಿಷದಲ್ಲಿ ಹೋಗಿ, ಮೀನಖಂಡ ಹಿಂಡಿದಂತಾಗುತ್ತಿದ್ದರೆ ಕಾಲಿನ ರಕ್ತನಾಳ ಕಟ್ಟಿರುವ ಸಾಧ್ಯತೆ ಹೆಚ್ಚು. ಶುಗರ್ ಮತ್ತು ತಂಬಾಕು ಎರಡೂ ಇದ್ದವರಲ್ಲಿ ಇದನ್ನು ಮರೆಯಬಾರದು. ಪಾದದ ನಾಡಿ ಮುಟ್ಟಿ ನೋಡಿ, ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡಿಸಿದರೆ ತಿಳಿಯುತ್ತದೆ.

ರಾತ್ರಿ ಎರಡೂ ಪಾದ ಒಂದೇ ಸಮ ಉರಿಯುವುದು ಹೆಚ್ಚಾಗಿ ಬೆನ್ನಿನದಲ್ಲ, ಶುಗರ್‌ನಿಂದ ನರ ಕೆಟ್ಟಿರುವುದು. ಶುಗರ್‌ಗೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ವಿಟಮಿನ್ ಬಿ12 ಕಡಿಮೆಯಾಗಿಯೂ ಇದೇ ಉರಿ ಬರುತ್ತದೆ. ಬಿ12 ಪರೀಕ್ಷೆ ಮಾಡಿಸಿ, ಕಡಿಮೆಯಿದ್ದರೆ ಮಾತ್ರ ಅದರ ಇಂಜೆಕ್ಷನ್ ಹಾಕಿಸಿ. ‘ನರಕ್ಕೆ ಶಕ್ತಿ’ ಎಂದು ಕಂಡಕಂಡವರಿಗೆ ಹಾಕುವ ಬಿ12ನಿಂದ ಕೊರತೆಯಿಲ್ಲದವರ ನೋವು ಇಳಿಯುವುದಿಲ್ಲ.

ನಮ್ಮ ಜಿಲ್ಲೆಗಳಿಗೇ ಅಂಟಿದ ಇನ್ನೊಂದು ಕಾರಣವಿದೆ. ಕೊಪ್ಪಳ, ರಾಯಚೂರು, ಬಳ್ಳಾರಿಯ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಲೀಟರಿಗೆ 1 ಮಿಲಿಗ್ರಾಂವರೆಗೆ ಸರಿ, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ. ವರ್ಷಗಟ್ಟಲೆ ಇದಕ್ಕಿಂತ ಹೆಚ್ಚಿನದನ್ನು ಕುಡಿದವರಲ್ಲಿ ಬೆನ್ನುಮೂಳೆಗಳನ್ನು ಬಿಗಿದಿಡುವ ಕಟ್ಟುಗಳು ಸುಣ್ಣಗಟ್ಟಿ ಬೆನ್ನು ಸೆಟೆಯುತ್ತದೆ, ನರದ ದಾರಿ ಒಂದಲ್ಲ, ಹಲವು ಹಂತಗಳಲ್ಲಿ ಕಿರಿದಾಗುತ್ತದೆ. ಅಂಥವರಿಗೆ ಒಂದು ಹಂತ ಆಪರೇಷನ್ ಮಾಡಿದರೆ ಉಳಿದವು ಹಾಗೇ ಇರುತ್ತವೆ. ಹಲ್ಲಿನ ಮೇಲೆ ಕಂದು ಪಟ್ಟೆ, ಬೆಳಗ್ಗೆ ಕತ್ತು-ನಡ ಎರಡೂ ಬಿಗಿ, ನೆಲದ ಮೇಲಿನ ನಾಣ್ಯ ಎತ್ತಲು ಮಂಡಿ ಮಡಚಲೇಬೇಕು ಎಂದಾದರೆ ಮುಂಗೈಯ ಒಂದು ಎಕ್ಸ್‌ರೇ ತೆಗೆಸಿ. ಎರಡು ಮೂಳೆಗಳ ನಡುವಿನ ಪರದೆ ಸುಣ್ಣಗಟ್ಟಿದ್ದರೆ ಅದರಲ್ಲೇ ಕಾಣುತ್ತದೆ. ಕಟ್ಟಿದ ಸುಣ್ಣ ಕರಗಿಸುವ ಔಷಧವಿಲ್ಲ. ನೀರು ಬದಲಿಸುವುದೇ ಚಿಕಿತ್ಸೆ, ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ.

ಪರೀಕ್ಷೆಗಳ ವಿಷಯದಲ್ಲಿ ಈ ಕ್ರಮ ಹಿಡಿಯಿರಿ. ಮೊದಲು ನಿಂತು ತೆಗೆಯುವ ಎಕ್ಸ್‌ರೇ, ಮುಂದಕ್ಕೆ ಬಾಗಿ ಒಂದು, ಹಿಂದಕ್ಕೆ ಬಾಗಿ ಒಂದು. ಮಲಗಿಸಿ ತೆಗೆದದ್ದರಲ್ಲಿ ಮೂಳೆ ಸರಿಯುವುದು ಕಾಣುವುದಿಲ್ಲ. ಆಮೇಲೆ ಸಿಟಿ ಸ್ಕ್ಯಾನ್, ತೆಳು ಪದರದ್ದು. ಮೂಳೆ ಬೆಸೆದಿದೆಯೇ, ಸ್ಕ್ರೂ ಸುತ್ತ ಸಡಿಲವಾದ ಕಪ್ಪು ಉಂಗುರವಿದೆಯೇ ಎಂಬುದನ್ನು ಎಂಆರ್‌ಐಗಿಂತ ಸಿಟಿ ಚೆನ್ನಾಗಿ ತೋರಿಸುತ್ತದೆ. ನಿಮ್ಮ ಪತ್ರದಲ್ಲಿ ಎಂಆರ್‌ಐ ಮಾತ್ರ ಇದೆ, ಸಿಟಿ ಇಲ್ಲ. ಸಿಟಿ ನೋಡದೆ ಮರು ಆಪರೇಷನ್‌ಗೆ ಒಪ್ಪಬೇಡಿ. ರಕ್ತದಲ್ಲಿ ಇಎಸ್‌ಆರ್, ಸಿಆರ್‌ಪಿ (ಸೋಂಕಿನ ಸುಳಿವಿಗೆ), ಕ್ರಿಯಾಟಿನಿನ್ (ಕಿಡ್ನಿಗೆ), ಎಚ್‌ಬಿಎ1ಸಿ (ಮೂರು ತಿಂಗಳ ಶುಗರ್ ಸರಾಸರಿ), ಬಿ12, ವಿಟಮಿನ್ ಡಿ. ಆಪರೇಷನ್ ಆದ ಬೆನ್ನಿಗೆ ಎಂಆರ್‌ಐ ಮಾಡಿಸುವಾಗ ಗ್ಯಾಡೋಲಿನಿಯಂ ಎಂಬ ಬಣ್ಣದ ಇಂಜೆಕ್ಷನ್ ಕೊಟ್ಟು ತೆಗೆದರೆ ಒಳ್ಳೆಯದು. ಕಲೆ ಬಣ್ಣ ಹೀರಿ ಬೆಳಗುತ್ತದೆ, ಮತ್ತೆ ಜಾರಿದ ಡಿಸ್ಕ್ ಬೆಳಗುವುದಿಲ್ಲ. ಅದಕ್ಕೂ ಮೊದಲು ಕಿಡ್ನಿ ಪರೀಕ್ಷೆ ಆಗಿರಬೇಕು.

‘ಕಲೆ ಕಟ್ಟಿದೆ’ ಎಂಬ ಸಾಲಿಗೆ ಹೆದರಬೇಡಿ. ಆಪರೇಷನ್ ಆದ ಪ್ರತಿಯೊಬ್ಬರಿಗೂ, ಪೂರ್ತಿ ಗುಣವಾದವರಿಗೂ, ಒಳಗೆ ಕಲೆ ಇದ್ದೇ ಇರುತ್ತದೆ. ಕಲೆಯೊಂದನ್ನೇ ತೆಗೆಯಲು ಮತ್ತೆ ಬೆನ್ನು ತೆರೆದರೆ ಹೊಸ ಕಲೆ ಇನ್ನೂ ದಪ್ಪವಾಗಿ ಕಟ್ಟುತ್ತದೆ. ಕಲೆ ಕಾರಣ ಕೊಟ್ಟು ಆಪರೇಷನ್ ಹೇಳಿದ್ದರೆ ಇನ್ನೊಬ್ಬ ಶಸ್ತ್ರತಜ್ಞರನ್ನು ಕೇಳಿ.

ವಾರದ ಸೂಜಿ ನಿಲ್ಲಬೇಕು. ಆದರೆ ಅದರಲ್ಲಿ ಏನಿದೆ ಎಂದು ಚೀಟಿಯಲ್ಲಿ ಬರೆಸಿಕೊಂಡ ಮೇಲೆ. ಸಾಮಾನ್ಯವಾಗಿ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ ಇರುತ್ತದೆ, ಜೊತೆಗೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಇರುವುದೂ ಉಂಟು. ಸೂಜಿ ಬಿದ್ದ ಎರಡು ದಿನ ಹಾರಾಡುವಷ್ಟು ಆರಾಮ, ಆಮೇಲೆ ಶುಗರ್ 300. ಸ್ಟೀರಾಯ್ಡ್ ಮೂಳೆಯನ್ನು ಟೊಳ್ಳು ಮಾಡುತ್ತದೆ, ಟೊಳ್ಳು ಮೂಳೆಯಲ್ಲಿ ಸ್ಕ್ರೂ ನಿಲ್ಲುವುದಿಲ್ಲ. ತಿಂಗಳುಗಟ್ಟಲೆ ತೆಗೆದುಕೊಂಡಿದ್ದರೆ ಒಮ್ಮೆಲೇ ನಿಲ್ಲಿಸಿದಾಗ ಸುಸ್ತು, ವಾಂತಿ, ಬಿಪಿ ಕುಸಿತ ಆಗಬಹುದು. ಫಿಜಿಷಿಯನ್ ನೋಡಿ ಹಂತಹಂತವಾಗಿ ಇಳಿಸಲಿ. ಹೆಸರಿಲ್ಲದ ಪೊಟ್ಟಣದಲ್ಲಿ ಬರುವ ‘ವಾತದ ಪುಡಿ’ಗಳಲ್ಲೂ ಇದೇ ಸ್ಟೀರಾಯ್ಡ್ ಬೆರೆಸಿರುವುದುಂಟು. ಡೈಕ್ಲೋಫೆನಾಕ್ ಜಾತಿಯ ಮಾತ್ರೆ, ಸೂಜಿಗಳು ಕಿಡ್ನಿಗೆ ಕೆಡುಕು. ಶುಗರ್ ಇರುವವರು, ಬಿಪಿ ಮಾತ್ರೆ ನುಂಗುವವರು, ಏಪ್ರಿಲ್-ಮೇ ತಿಂಗಳ 42 ಡಿಗ್ರಿಯಲ್ಲಿ ಬೆವರು ಸುರಿಸಿ ದುಡಿಯುವವರು ಇವನ್ನು ಬಳಸಿದರೆ ಕಿಡ್ನಿ ಕೈಕೊಡುವುದು ಬೇಗ.

ಹಾಗಾದರೆ ಯಾವ ಮಾತ್ರೆ? ಮೂಳೆ-ಸ್ನಾಯುವಿನ ನೋವಿಗೆ ಪ್ಯಾರಾಸಿಟಮಾಲ್, ದಿನಕ್ಕೆ 3 ಗ್ರಾಂ ಮೀರದಂತೆ. ಅದರ ಬಲ ಕಡಿಮೆ, ಅಪಾಯವೂ ಕಡಿಮೆ. ಉರಿ, ಜುಮುಜುಮು, ಕರೆಂಟ್ ಹೊಡೆದಂತಾಗುವುದು ನರದ ನೋವು; ಅದಕ್ಕೆ ಮಾಮೂಲಿ ನೋವಿನ ಮಾತ್ರೆ ಹತ್ತುವುದಿಲ್ಲ. ನಿಮ್ಮವರಿಗೆ ಶುಗರ್ ಪಾದದ ಉರಿಯೂ ಇರುವುದರಿಂದ ಡುಲೊಕ್ಸೆಟಿನ್ ಮೊದಲ ಆಯ್ಕೆಯಾಗಬಹುದು, ಊಟದ ಮೇಲೆ 30 ಮಿಲಿಗ್ರಾಂ, ಒಂದೆರಡು ವಾರದ ನಂತರ 60. ಮೊದಲ ವಾರ ಹೊಟ್ಟೆ ತೊಳಸುತ್ತದೆ, ಆಮೇಲೆ ಒಗ್ಗುತ್ತದೆ. ಲಿವರ್ ಕೆಟ್ಟವರಿಗೆ, ಕುಡಿತ ಹೆಚ್ಚಿರುವವರಿಗೆ ಇದು ಆಗದು. ಇನ್ನೊಂದು ಪ್ರೆಗಾಬಾಲಿನ್, ರಾತ್ರಿ 75 ಮಿಲಿಗ್ರಾಂನಿಂದ ಶುರು. ತಲೆ ತಿರುಗುವುದು, ಕಾಲು ಬಾವು, ತೂಕ ಏರುವುದು ಅದರ ತೊಂದರೆಗಳು, ಕಿಡ್ನಿ ಕುಂದಿದ್ದರೆ ಪ್ರಮಾಣ ಇಳಿಸಬೇಕು. ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ ಅಗ್ಗ, ನಿದ್ದೆಗೂ ಒಳ್ಳೆಯದು, ಆದರೆ ಪ್ರಾಸ್ಟೇಟ್, ಗ್ಲಾಕೋಮಾ, ಹೃದಯದ ತೊಂದರೆ ಇದ್ದರೆ ಬೇಡ. ಯಾವುದನ್ನೇ ಆಗಲಿ ಸರಿಯಾದ ಪ್ರಮಾಣದಲ್ಲಿ ನಾಲ್ಕರಿಂದ ಆರು ವಾರ ನೋಡದೆ ‘ಹತ್ತಲಿಲ್ಲ’ ಎನ್ನಬಾರದು. ಬಿಡುವಾಗಲೂ ಇಳಿಸುತ್ತಾ ಬಿಡಬೇಕು. ಟ್ರಮಡಾಲ್ ಎಂಬ ಬಲವಾದ ನೋವಿನ ಮಾತ್ರೆ ಚಟ ಹತ್ತಿಸುತ್ತದೆ. ಡುಲೊಕ್ಸೆಟಿನ್ ಜೊತೆ ಸೇರಿದರೆ ನಡುಕ, ಜ್ವರ, ಫಿಟ್ಸ್ ಬರುವ ಅಪಾಯವಿದೆ. ಎರಡು ಕಡೆ ತೋರಿಸುವವರಿಗೆ ಈ ಜೋಡಿ ಗೊತ್ತಿಲ್ಲದೆ ಸಿಕ್ಕಿಬಿಡುತ್ತದೆ.

ನಾನು ಹೆಚ್ಚು ಒತ್ತು ಕೊಡುವುದು ವ್ಯಾಯಾಮಕ್ಕೆ. ಎಕ್ಸ್‌ರೇ, ಸಿಟಿಯಲ್ಲಿ ಸಡಿಲು ಇಲ್ಲ ಎಂದು ಖಚಿತವಾದ ಮೇಲೆ ಮಾತ್ರ. ಆಪರೇಷನ್‌ನಲ್ಲಿ ಬೆನ್ನುಮೂಳೆಗೆ ಅಂಟಿದ ಆಳದ ಸ್ನಾಯುಗಳನ್ನು ಬಿಡಿಸಿ ಸರಿಸಿರುತ್ತಾರೆ. ಆಮೇಲೆ ಕೆಲಸ ಕೊಡದಿದ್ದರೆ ಅವು ಒಣಗಿ ಕೊಬ್ಬು ತುಂಬುತ್ತದೆ, ಭಾರವೆಲ್ಲ ಕೀಲುಗಳ ಮೇಲೆ ಬೀಳುತ್ತದೆ. ಬಹಳ ಜನ ಫಿಜಿಯೋಥೆರಪಿ ಎಂದರೆ ಕರೆಂಟ್ ಶಾಖ ಎಂದುಕೊಂಡಿದ್ದಾರೆ. ಶಾಖದ ಆರಾಮ ಮನೆ ಮುಟ್ಟುವ ತನಕ.

ನಡಿಗೆಯಿಂದ ಶುರು ಮಾಡಿ. ಎಷ್ಟು ನಿಮಿಷಕ್ಕೆ ಜೋಮು ಹಿಡಿಯುತ್ತದೆ ಎಂದು ಮೂರು ದಿನ ನೋಡಿ. 8 ನಿಮಿಷ ಎಂದುಕೊಳ್ಳೋಣ. ಹಾಗಾದರೆ 5 ನಿಮಿಷಕ್ಕೇ ನಿಲ್ಲಿಸಿ ಕುಳಿತುಕೊಳ್ಳಬೇಕು, ಇಂಥ ಸುತ್ತು ದಿನಕ್ಕೆ ನಾಲ್ಕು. ವಾರಕ್ಕೆ ಒಂದು ನಿಮಿಷ ಏರಿಸಿ. ಆರಾಮ ಅನಿಸಿದ ದಿನ ಎರಡು ಕಿಲೋಮೀಟರ್ ನಡೆದು ಮರುದಿನದಿಂದ ಮೂರು ದಿನ ಮಲಗುವುದೇ ಎಲ್ಲರೂ ಮಾಡುವ ತಪ್ಪು. ಒಳ್ಳೆಯ ದಿನವೂ ಅಷ್ಟೇ, ಕೆಟ್ಟ ದಿನವೂ ಅಷ್ಟೇ. ಮೊದಲ ಎರಡು ವಾರ ಚಾಪೆಯ ಮೇಲೆ ಎರಡೇ ವ್ಯಾಯಾಮ: ಮಂಡಿ ಮಡಚಿ ಅಂಗಾತ ಮಲಗಿ ನಡವನ್ನು ನೆಲಕ್ಕೆ ಒತ್ತಿ 5 ಸೆಕೆಂಡ್ ಹಿಡಿಯುವುದು, 10 ಸಲ, ಅದೇ ಭಂಗಿಯಲ್ಲಿ ಪೃಷ್ಠ ಮೇಲೆತ್ತಿ 5 ಸೆಕೆಂಡ್, 8 ಸಲ. ಆಮೇಲೆ ಅಂಬೆಗಾಲಿನ ಭಂಗಿಯಲ್ಲಿ ಎಡಗೈ-ಬಲಗಾಲು, ಬಲಗೈ-ಎಡಗಾಲು ಚಾಚಿ 8 ಸೆಕೆಂಡ್, ಒಂದೊಂದು ಬದಿಗೆ 6 ಸಲ; ಮೊಣಕೈ ಮತ್ತು ಮಂಡಿ ಊರಿ ಪಕ್ಕಕ್ಕೆ ಏಳುವುದು, 8 ಸೆಕೆಂಡ್, 4 ಸಲ. ಉಸಿರು ಬಿಗಿ ಹಿಡಿಯಬಾರದು. ಮಂಡಿ ಮಡಚದೆ ಕಾಲ್ಬೆರಳು ಮುಟ್ಟುವುದು, ಮಲಗಿದಲ್ಲಿಂದ ನೇರ ಎದ್ದು ಕೂರುವ ಕಸರತ್ತು, ಸೂರ್ಯನಮಸ್ಕಾರ ಸದ್ಯಕ್ಕೆ ಬೇಡ. ನೋವನ್ನು ಹತ್ತರಲ್ಲಿ ಅಂಕ ಹಾಕಿ ಬರೆದಿಡಿ. ವ್ಯಾಯಾಮದ ಮೇಲೆ ಎರಡು ಅಂಕ ಏರಿ ಮರುದಿನ ಬೆಳಗ್ಗೆಯೂ ಇಳಿಯದಿದ್ದರೆ ಅರ್ಧಕ್ಕೆ ಇಳಿಸಿ, ಪೂರ್ತಿ ಬಿಡಬೇಡಿ. ಫಲ ಕಾಣಲು ಮೂರು ತಿಂಗಳು ಹಿಡಿಯುತ್ತದೆ. ನಡಕ್ಕೆ ಬೆಲ್ಟ್ ಬಸ್ ಪ್ರಯಾಣದಲ್ಲಿ ಸಾಕು. ದಿನವಿಡೀ ಕಟ್ಟಿದರೆ ಇದ್ದ ಸ್ನಾಯುವೂ ಸೊರಗುತ್ತದೆ. ಏಳುವಾಗ ಪಕ್ಕಕ್ಕೆ ಹೊರಳಿ, ಕೈ ಊರಿ ಏಳಲಿ. ಕಾಲು ಹಿಡಿದು ಎಳೆಯುವವರ ಕೈಗೆ, ಬೆನ್ನು ತುಳಿಯುವವರ ಕಾಲಿಗೆ ಸ್ಕ್ರೂ ಹಾಕಿದ ಬೆನ್ನು ಕೊಡಬೇಡಿ. ಎಣ್ಣೆ ಹಚ್ಚಿ ಮೃದುವಾಗಿ ನೀವಿದರೆ ತೊಂದರೆಯಿಲ್ಲ.

ನಿದ್ದೆಯಿಲ್ಲ, ದುಡಿಮೆಯಿಲ್ಲ ಎಂಬ ಕೊರಗು ನೋವನ್ನು ನಿಜವಾಗಿಯೂ ಹೆಚ್ಚಿಸುತ್ತದೆ. ಮಿದುಳು ನೋವಿನ ಸದ್ದು ಏರಿಸುತ್ತದೆ ಎಂದರ್ಥ, ನಾಟಕ ಎಂದಲ್ಲ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಇಷ್ಟಕ್ಕೂ ಬಗ್ಗದಿದ್ದರೆ ಸಿ-ಆರ್ಮ್ ಎಕ್ಸ್‌ರೇ ನೋಡುತ್ತಾ ಮಾಡುವ ಇಂಜೆಕ್ಷನ್‌ಗಳಿವೆ. ಇವುಗಳ ಮೊದಲ ಉಪಯೋಗ ಪತ್ತೆ ಹಚ್ಚುವುದು. ಅನುಮಾನವಿರುವ ಕೀಲಿನ ಸಣ್ಣ ನರಕ್ಕೆ ಅರ್ಧ ಎಂಎಲ್ ಮರಗಟ್ಟಿಸುವ ಮದ್ದು ಹಾಕಿ, ಅದರ ಪರಿಣಾಮವಿರುವ ಒಂದೆರಡು ಗಂಟೆ ನಡೆಸಿ, ಬಾಗಿಸಿ ನೋಡುತ್ತಾರೆ. ನೋವು ನೂರಕ್ಕೆ 80ರಷ್ಟು ಇಳಿದು, ಇನ್ನೊಂದು ದಿನ ಮಾಡಿದಾಗಲೂ ಹಾಗೇ ಆದರೆ ಮೂಲ ಸಿಕ್ಕಿತು. ಆ ನರವನ್ನು ರೇಡಿಯೋ ತರಂಗದಿಂದ 80 ಡಿಗ್ರಿಗೆ ಒಂದೂವರೆ ನಿಮಿಷ ಬಿಸಿ ಮಾಡಿದರೆ 6ರಿಂದ 12 ತಿಂಗಳು ಆರಾಮ ಸಿಗುತ್ತದೆ. ನರ ಮತ್ತೆ ಬೆಳೆಯುವುದರಿಂದ ನೋವು ಮರಳಬಹುದು, ಮತ್ತೆ ಮಾಡಬಹುದು. ಸೂಜಿ ಸ್ಕ್ರೂಗೆ ತಾಗಿದರೆ ಲೋಹ ಕಾದು ಸುಡುತ್ತದೆ, ಹಾಗಾಗಿ ಅನುಭವಿ ಕೈ ಬೇಕು.

ಕಾಲಿಗೆ ಇಳಿಯುವ ನೋವಿಗೆ ನರದ ಸುತ್ತ ಸ್ಟೀರಾಯ್ಡ್ ಹಾಕುವ ಎಪಿಡ್ಯೂರಲ್ ಇದೆ. ಆಪರೇಷನ್ ಆದ ಜಾಗದಲ್ಲಿ ನೇರ ಸೂಜಿ ಹಾಕಿದರೆ ಕಲೆ ಅಡ್ಡ ಬರುತ್ತದೆ, ನರಗಳನ್ನು ಸುತ್ತಿರುವ ಪೊರೆ ತೂತಾಗುವ ಭಯವೂ ಇದೆ. ಅದಕ್ಕೇ ಬಾಲಮೂಳೆಯ ಹತ್ತಿರದ ತೂತಿನಿಂದ ಅಥವಾ ನರ ಹೊರಬರುವ ಪಕ್ಕದ ಕಿಂಡಿಯಿಂದ ಹೋಗುತ್ತಾರೆ. ಆರಾಮ ಕೆಲವು ವಾರದಿಂದ ಮೂರು ತಿಂಗಳು. ಆ ಬಿಡುವನ್ನು ವ್ಯಾಯಾಮಕ್ಕೆ ಬಳಸದಿದ್ದರೆ ಹಾಕಿದ್ದು ದಂಡ. ವರ್ಷಕ್ಕೆ ಮೂರು ನಾಲ್ಕಕ್ಕಿಂತ ಹೆಚ್ಚು ಬೇಡ. ಹಾಕಿದ ಮೇಲೆ ಒಂದು ವಾರ ಶುಗರ್ ಏರುತ್ತದೆ, ದಿನಾ ನೋಡಿಕೊಳ್ಳಿ. ಎಚ್‌ಬಿಎ1ಸಿ 8 ದಾಟಿದ್ದರೆ ಮೊದಲು ಅದನ್ನು ಇಳಿಸಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ, ಹೃದಯ ತಜ್ಞರನ್ನು ಕೇಳದೆ ನೀವೇ ನಿಲ್ಲಿಸಬೇಡಿ.

ಇನ್ನು ಆ ‘ಕರೆಂಟ್ ಮಷಿನ್’, ಅಂದರೆ ಸ್ಪೈನಲ್ ಕಾರ್ಡ್ ಸ್ಟಿಮ್ಯುಲೇಟರ್. ಬೆನ್ನುಹುರಿಯ ಹಿಂದೆ ತಂತಿ, ಚರ್ಮದ ಕೆಳಗೆ ಬ್ಯಾಟರಿ. 1967ರಿಂದ ಇದೆ. ಮೊದಲು ಐದಾರು ದಿನ ತಂತಿ ಮಾತ್ರ ಹಾಕಿ ಬ್ಯಾಟರಿ ಹೊರಗಿಟ್ಟು ಪರೀಕ್ಷಿಸುತ್ತಾರೆ. ನೋವು ಅರ್ಧಕ್ಕರ್ಧ ಇಳಿದರೆ ಮಾತ್ರ ಒಳಗೆ ಕೂರಿಸುವುದು. ಈ ಪರೀಕ್ಷೆ ಇಲ್ಲದೆ ನೇರ ಕೂರಿಸೋಣ ಎಂದರೆ ಎದ್ದು ಬನ್ನಿ. 2007ರಲ್ಲಿ ಪ್ರಕಟವಾದ 100 ರೋಗಿಗಳ ಅಧ್ಯಯನದಲ್ಲಿ, ಆರು ತಿಂಗಳಿಗೆ ಕಾಲುನೋವು ಅರ್ಧಕ್ಕೆ ಇಳಿದವರು ಮಷಿನ್ ಇದ್ದವರಲ್ಲಿ ನೂರಕ್ಕೆ 48, ಬರೀ ಔಷಧದವರಲ್ಲಿ 9. ಆದರೆ 2022ರಲ್ಲಿ ನಾರ್ವೆಯಲ್ಲಿ 50 ಮಂದಿಗೆ ಒಂದು ಬಗೆಯ ಮಷಿನ್ ಕೂರಿಸಿ, ಗೊತ್ತಾಗದಂತೆ ಕೆಲವು ತಿಂಗಳು ಚಾಲೂ, ಕೆಲವು ತಿಂಗಳು ಬಂದ್ ಇಟ್ಟು ನೋಡಿದಾಗ ವ್ಯತ್ಯಾಸ ಕಾಣಲಿಲ್ಲ. ತಜ್ಞರಲ್ಲೇ ಒಮ್ಮತವಿಲ್ಲ. ನನ್ನ ಅಭಿಪ್ರಾಯ ಇಷ್ಟು: ಒತ್ತಡವೆಲ್ಲ ತೆಗೆದ ಮೇಲೂ ಒಂದು ಕಾಲಿನಲ್ಲಿ ನರದ ಉರಿ ಉಳಿದವರಿಗೆ ಇದು ಪರಿಗಣಿಸಬಹುದಾದ ಕೊನೆಯ ಆಯ್ಕೆಗಳಲ್ಲಿ ಒಂದು. ನಡದ ನೋವೇ ಮುಖ್ಯವಾಗಿದ್ದು, ಸ್ಕ್ರೂ ಸಡಿಲವಿದೆಯೇ ಎಂದೇ ನೋಡದ ನಿಮ್ಮ ಯಜಮಾನರಿಗೆ ಈಗಲ್ಲ. ಶುಗರ್ ಇದ್ದರೆ ಸೋಂಕಿನ ಭಯ ಹೆಚ್ಚು, ತಂತಿ ಸರಿಯುವುದುಂಟು, ಭಾರ ಹೊರುವವರಲ್ಲಿ ಇನ್ನೂ ಹೆಚ್ಚು, ಬ್ಯಾಟರಿ ಮುಗಿದರೆ ಮತ್ತೆ ಖರ್ಚು.

ಮರು ಆಪರೇಷನ್ ಯಾವಾಗ ಸರಿ? ಸಿಟಿಯಲ್ಲಿ ಮೂಳೆ ಬೆಸೆಯದೆ ಸ್ಕ್ರೂ ಸಡಿಲವಾಗಿದ್ದು ನೋವೂ ಅದೇ ಜಾಗದ್ದಾದರೆ. ಬಾಗಿಸಿ ತೆಗೆದ ಎಕ್ಸ್‌ರೇಯಲ್ಲಿ ಮೂಳೆ ಸರಿಯುತ್ತಿದ್ದರೆ. ಮೇಲಿನ ಹಂತದಲ್ಲಿ ನರ ಹಿಸುಕಿ ನಡಿಗೆ ಕುಗ್ಗುತ್ತಲೇ ಇದ್ದರೆ. ಕಾಲಿನ ಬಲ ಇಳಿಯುತ್ತಿದ್ದರೆ. ಇವುಗಳಲ್ಲಿ ಕಾಯುವುದೇ ತಪ್ಪು. ಇಂಥ ಸ್ಪಷ್ಟ ಕಾರಣವಿಲ್ಲದೆ ಮಾಡಬಾರದು; ಎರಡನೇ ಆಪರೇಷನ್‌ಗೆ ನೂರಕ್ಕೆ 30, ಮೂರನೆಯದಕ್ಕೆ 15, ನಾಲ್ಕನೆಯದಕ್ಕೆ 5 ಮಂದಿಗಷ್ಟೇ ಗುಣ ಎಂಬ ಹಳೆಯ ಲೆಕ್ಕವನ್ನು ಶಸ್ತ್ರತಜ್ಞರೇ ಹೇಳುತ್ತಾರೆ. ಶಸ್ತ್ರತಜ್ಞರನ್ನು ಹೀಗೆ ಕೇಳಿ: ‘ಯಾವ ಹಂತ, ಯಾವ ನರ? ನಡದ ನೋವಿಗೋ ಕಾಲಿನದಕ್ಕೋ? ಮಾಡದಿದ್ದರೆ ಏನಾಗುತ್ತದೆ?’ ಮೂರಕ್ಕೂ ಚಿತ್ರ ತೋರಿಸಿ ಉತ್ತರ ಕೊಟ್ಟರೆ ನಂಬಬಹುದು. ಆಪರೇಷನ್ ನಿಶ್ಚಯವಾದರೆ ಒಂದೆರಡು ತಿಂಗಳ ಮೊದಲೇ ತಂಬಾಕು ಬಿಟ್ಟು ಶುಗರ್ ಇಳಿಸಬೇಕು.

ಕೆಲಸದ ಮಾತು ಕಹಿ, ಆದರೂ ಹೇಳಲೇಬೇಕು. ಸುಖವಾದ ಭಂಗಿಯಲ್ಲಿ, ಆರೋಗ್ಯವಂತರಿಗೇ ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ಎತ್ತುವ ಮಿತಿ 23 ಕಿಲೋ. ಯಾವ ಚಿಕಿತ್ಸೆ ಫಲಿಸಿದರೂ ಚೀಲ ಹೊರುವುದಕ್ಕೆ ಮರಳುವಂತಿಲ್ಲ. ಅದೇ ಮಿಲ್ಲಿನಲ್ಲಿ ತೂಕದ ಕಾಟಾ, ಗೇಟ್, ಚೀಲ ಹೊಲಿಯುವ ಮಷಿನ್, ಇಂಥ ಕೆಲಸಕ್ಕೆ ಮಾಲೀಕರ ಹತ್ತಿರ ಈಗಲೇ ಮಾತಾಡಿ. ಅಲ್ಲೂ ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಬೇಕು.

ಕೊಪ್ಪಳದ ಕಿಮ್ಸ್, ರಾಯಚೂರಿನ ರಿಮ್ಸ್, ಜನ ಈಗಲೂ ವಿಮ್ಸ್ ಎನ್ನುವ ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ, ಮೂರೂ ಸರ್ಕಾರಿ. ಪರೀಕ್ಷೆಗಳನ್ನು ಅಲ್ಲೇ ಶುರು ಮಾಡಿ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಅವಕಾಶವಿದೆ. ನಿಮಗೆ ಹೇಳಿದ ಚಿಕಿತ್ಸೆ ಪಟ್ಟಿಯಲ್ಲಿದೆಯೇ, ರೆಫರಲ್ ಚೀಟಿ ಬೇಕೇ ಎಂದು ಅಡ್ವಾನ್ಸ್ ಕಟ್ಟುವ ಮೊದಲು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ. ಬೆಂಗಳೂರಿಗೆ ಹೋಗಬೇಕಾಗಿ ಬಂದರೆ ಬಸ್ಸಿನ ಸೀಟಿಗಿಂತ ಹೊಸಪೇಟೆಯಿಂದ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಕೆಳಗಿನ ಬರ್ತ್ ಮೇಲು. ಜೊತೆಗೆ ಒಯ್ಯಬೇಕಾದದ್ದು: ಆಪರೇಷನ್‌ಗೆ ಮೊದಲಿನ ಎಂಆರ್‌ಐ, ಡಿಸ್ಚಾರ್ಜ್ ಸಮ್ಮರಿ, ಆಪರೇಷನ್ ನೋಟ್, ಸ್ಕ್ರೂ ಕಂಪನಿಯ ಸ್ಟಿಕ್ಕರ್, ಈಗಿನ ಎಲ್ಲ ಮಾತ್ರೆಗಳ ಖಾಲಿ ಸ್ಟ್ರಿಪ್. ಆಪರೇಷನ್ ನೋಟ್ ನಿಮ್ಮ ಬಳಿ ಇಲ್ಲದಿದ್ದರೆ ಆ ಆಸ್ಪತ್ರೆಗೆ ಲಿಖಿತ ಅರ್ಜಿ ಕೊಡಿ. ದಾಖಲೆಯ ಪ್ರತಿ ಕೇಳಿ ಪಡೆಯುವುದು ರೋಗಿಯ ಹಕ್ಕು.